ದೊಡ್ಡಮ್ಮನ ದನಿ ಕೇಳಿದ ಸಂಜೆ

ನಮ್ಮ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಬಟ್ಟೆ ಹೊಲಿಯುವವಳು. ಅವಳಿಗೆ ಚಿಕ್ಕಂದಿನಿಂದಲೂ ಉಗ್ಗು. ಮೊದಲಕ್ಷರದಲ್ಲೇ ಮಾತು ಸಿಕ್ಕಿಕೊಂಡರೆ ಎದುರಿಗಿದ್ದವರು ಅವಸರದಿಂದ ಅದನ್ನು ಪೂರ್ತಿ ಮಾಡಿಬಿಡುತ್ತಿದ್ದರು, ಅದೂ ತಪ್ಪಾಗಿ. ಅದಕ್ಕೇ ಅವಳು ಸದಾ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ಪಿನ್ನು ಕಚ್ಚಿದವಳನ್ನು ಯಾರು ಮಾತಾಡಿಸುತ್ತಾರೆ?

ಕಣ್ಣು ಮಂಜಾಗುತ್ತಿರುವ ತಾಯಿ ಪದೇ ಪದೇ ಏಳುವುದು ಬೇಡವೆಂದು ದೊಡ್ಡಮ್ಮನ ಮಗಳು ಹೊಲಿಗೆ ಕೋಣೆಗೆ ಸ್ಮಾರ್ಟ್ ದೀಪ, ಫ್ಯಾನು ಹಾಕಿಸಿದಳು. ಬಾಯಲ್ಲಿ ಹೇಳಿದರೆ ಸಾಕು, ಕೆಲಸ ಆಗುತ್ತದೆ. ತಾಯಿಯ ಉಗ್ಗು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ನೆನಪಿಗೇ ಬರಲಿಲ್ಲ.

ದೊಡ್ಡಮ್ಮ "ದೀ... ದೀ..." ಎನ್ನುವಷ್ಟರಲ್ಲಿ ಮಾತು ಕೇಳಿ ದೀಪ, ಫ್ಯಾನು ನಡೆಸಬೇಕಾದ, ಕಪಾಟಿನ ಮೇಲಿನ ಪೆಟ್ಟಿಗೆ "ಕ್ಷಮಿಸಿ, ಅರ್ಥವಾಗಲಿಲ್ಲ" ಎನ್ನುತ್ತಿತ್ತು. ಗಿರಾಕಿ ಕೆಮ್ಮಿದರೆ ಮಾತ್ರ ಅದಕ್ಕೇನೋ ಅರ್ಥವಾಗಿ ದೀಪ ನೀಲಿಗೆ ತಿರುಗುತ್ತಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಜಗಳವಾಡಿದರೆ ಇಲ್ಲಿ ಫ್ಯಾನು ಜೋರಾಗಿ, ಅಳತೆಗೆ ಕತ್ತರಿಸಿಟ್ಟ ಕಾಗದವೆಲ್ಲ ದಿಕ್ಕಾಪಾಲು. ಗೋಡೆಯ ಸ್ವಿಚ್ಚು ಒತ್ತಿದರಂತೂ ಪೆಟ್ಟಿಗೆ ಮುನಿಸಿಕೊಂಡು, ಮಗಳು ಬಂದು ರಮಿಸುವವರೆಗೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ನಾನೂ ಅಲ್ಲಿದ್ದೆ. ದೊಡ್ಡಮ್ಮ ಕೋಟೊಂದಕ್ಕೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದಳು. ಕೋಟಿನ ಒಡೆಯ ಕಾದು ಕೂತಿದ್ದ. ಇದ್ದಕ್ಕಿದ್ದಂತೆ ದೀಪ ಆರಿತು.

"ದೀ... ದೀ..."

"ಕ್ಷಮಿಸಿ."

"ದೀಪಾ ಹಚ್ಚು ಅಂತಿದಾರಪ್ಪಾ!" ಕೋಟಿನವನು ಕೂಗಿದ. ಫ್ಯಾನು ತಿರುಗಿತು.

"ನಾನ್ ಹೇಳ್ಲಾ ದೊಡ್ಡಮ್ಮ?" ಎಂದೆ. ಅವಳು ಕೈ ಅಡ್ಡ ಹಿಡಿದಳು. ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಹಾಡಿದಳು.

"ದೀಪ ಹಚ್ಚೋ, ಮಾರಾಯಾ, ನನ್ನ ಕೆಲಸ ಕೆಡಿಸಬ್ಯಾಡಾ..."

ಒಂದಕ್ಷರವೂ ತೊಡರಲಿಲ್ಲ. ತುಂಬಿದ ಕೊಡದಿಂದ ನೀರು ಸುರಿದ ಹಾಗೆ ದನಿ ಬಂತು. ದಪ್ಪ, ಬೆಚ್ಚಗಿನ, ನಾವಾರೂ ಕೇಳಿರದ ದನಿ. ದೀಪ ಹತ್ತಿತು. ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದ ಮಗಳು ಬಾಗಿಲಲ್ಲಿ ನಿಂತುಬಿಟ್ಟಳು.

"ಅಮ್ಮಾ, ಇಷ್ಟು ವರ್ಷ ಎಲ್ಲಿಟ್ಟಿದ್ದೆ ಇದನ್ನ?"

ಹಾಡಿದರೆ ಉಗ್ಗುವುದಿಲ್ಲವೆಂದು ದೊಡ್ಡಮ್ಮನಿಗೆ ಎಳವೆಯಲ್ಲೇ ಗೊತ್ತಿತ್ತಂತೆ. ಮಾತೇ ಬಾರದವಳಿಗೆ ಹಾಡು ಬೇರೆ ಕೇಡು ಎಂದು ಯಾರೋ ನಕ್ಕಿದ್ದರಂತೆ, ಅಷ್ಟೆ. ಅಂದೇ ಬಾಯಿ ಮುಚ್ಚಿದವಳು.

ಪೆಟ್ಟಿಗೆಯೇನೂ ಸುಧಾರಿಸಲಿಲ್ಲ. ಮರುವಾರ ಕಂಪನಿಯವರು ಅದಕ್ಕೆ ಹೊಸ ಬುದ್ಧಿ ತುಂಬಿದರು. ಹಾಡು ಕೋಣನ ಮುಂದಿನ ಕಿನ್ನರಿಯಾಯಿತು. ಬೇಸತ್ತ ಮಗಳು ಅದನ್ನು ಕಿತ್ತುಹಾಕಿ ಹಳೇ ದೀಪವನ್ನೇ ಹಾಕಿಸಿದಳು.

ದೊಡ್ಡಮ್ಮ ಮಾತ್ರ ನಿಲ್ಲಿಸಲಿಲ್ಲ. "ತೋಳು ಎತ್ತಿ, ಉಸಿರು ಬಿಡಿ" ಎಂದು ಗಿರಾಕಿಗಳಿಗೆ ಹಾಡಿಕೊಂಡೇ ಅಳತೆ ತೆಗೆದಳು. ಅವರು ನಗಲಿಲ್ಲ, ಉಸಿರು ಬಿಡುವುದನ್ನೇ ಮರೆತು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಮನೆಯ ಫೋನು ಬಡಿದುಕೊಂಡಿತು. ಅಮ್ಮ ಎತ್ತಿ, "ಯಾರು? ಯಾರ್ ಮಾತಾಡ್ತಿರೋದು?" ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅತ್ತ ಕಡೆಯಿಂದ, ಎಂದೂ ಫೋನು ಮಾಡದಿದ್ದ ಅವಳಕ್ಕ ಹಾಡುತ್ತಿದ್ದಳು: "ನಾನು ಕಣೇ, ನಿನ್ನಕ್ಕ. ಹೇಗಿದೀಯೇ?"