ಜಿನಮತಿ ಸೊಸೆಯ ಕೂಡ ಆಡಿದ ಬುದ್ಧಿಬಳ

ಇಚಲಕರಂಜಿಯ ಮಗ್ಗದ ಮನೆಗೆ ಮದುವೆಯಾಗಿ ಬಂದಾಗ ಜಿನಮತಿ ತವರಿನಿಂದ ಒಂದು ಚೀಲವನ್ನೂ ತಂದಿದ್ದಳು. ಅದರಲ್ಲಿ ಬಟ್ಟೆಯ ಮೇಲೆ ಮನೆ ಹೊಲಿದ ಬುದ್ಧಿಬಳದ, ಅಂದರೆ ಚದುರಂಗದ ಪಟ, ಕಟ್ಟಿಗೆಯ ಕಾಯಿಗಳು. ಗಡಹಿಂಗ್ಲಜದಲ್ಲಿ ಅಣ್ಣ ಪಾರೀಸನ ಕೂಡ ಆಡಿ ಆಡಿ ಸವೆದಿದ್ದ ಕಾಯಿಗಳು ಅವು.

ಇಬ್ಬರ ಆಟವೂ ಬೇರೆ ಬೇರೆ. ಜಿನಮತಿ ಮೊದಲು ಕುದುರೆ, ಒಂಟೆಗಳನ್ನು ಹೊರಗೆ ತರುವಳು, ರಾಜನನ್ನು ಮೂಲೆಗೆ ಕೂಡಿಸುವಳು. ಕಾಲಾಳು ಪ್ಯಾದೆಗಳು ಹಣೆಗೆ ಹಣೆ ಹಚ್ಚಿ ನಿಂತು, ಯಾವ ದಾರಿ ಮುಚ್ಚಿತು, ಯಾವುದು ತೆರೆಯಿತು ಎಂಬುದು ಕಣ್ಣಿಗೆ ಕಂಡ ಮೇಲಷ್ಟೇ ಹಂಚಿಕೆ ಹಾಕುವಳು. ಪಾರೀಸನಿಗೆ ಆ ತಾಳ್ಮೆ ಇರಲಿಲ್ಲ. ಆಟ ಸುರುವಾಗುವ ಮೊದಲೇ ಒಂದು ಮನೆಯ ಮೇಲೆ ಹೆಬ್ಬೆರಳು ಒತ್ತಿ, “ನಿನ್ನ ರಾಜಾ ಇಲ್ಲೇ ಸಾಯ್ತಾನ ನೋಡವಾ” ಅನ್ನುತ್ತಿದ್ದ. ಬಹಳ ಸಲ ಆಕೆಯ ರಾಜ ಅಲ್ಲಿಯೇ ಸಾಯುತ್ತಿದ್ದ.

ಜಿನಮತಿಯ ಮಗ ದಾದಾಸಾಹೇಬ ತೊಟ್ಟಿಲಲ್ಲಿದ್ದಾಗ ಪಾರೀಸ ಹಿರಣ್ಯಕೇಶಿ ಹೊಳೆಯ ಮಡುವಿನಲ್ಲಿ ಮುಳುಗಿಹೋದ. ಆಮೇಲೆ ಆಕೆ ಚೀಲ ಬಿಚ್ಚಲಿಲ್ಲ.

ಮಹಾಯುದ್ಧ ನಡೆದಿದ್ದ ಕಾಲಕ್ಕೆ ದಾದಾಸಾಹೇಬನಿಗೆ ಕಾಗಲದಿಂದ ಹೆಣ್ಣು ತಂದರು. ಶಾಲನ ಅಂತ ಹೆಸರು, ಮಾತು ಕಡಿಮೆ. ಒಂದು ಮಧ್ಯಾಹ್ನ ಊಟಕ್ಕೆಂದು ಮಗ್ಗಗಳು ನಿಂತು ಮನೆ ಒಮ್ಮೆಲೇ ಸುಮ್ಮನಾಯಿತು. ಅಡಿಗೆಮನೆಯಿಂದ ಬಂದ ಜಿನಮತಿ ನೋಡಿದರೆ, ಪಡಸಾಲೆಯಲ್ಲಿ ಸೊಸೆ ಪಟ ಹಾಸಿ ಕಾಯಿ ಹೂಡಿ ಕೂತಿದ್ದಳು.

“ಅಡಕಲ ಗಡಿಗಿ ಸಂದ್ಯಾಗ ಸಿಕ್ತರಿ ಅತ್ತಿ. ಆಡೂಣೇನ್ರಿ?”

ಜಿನಮತಿ ಕೂತಳು. ಹುಡುಗಿ ಒಂದು ಮನೆಯ ಮೇಲೆ ಹೆಬ್ಬೆರಳು ಒತ್ತಿದಳು. “ನಿಮ್ಮ ರಾಜಾ ಇಲ್ಲೇ ಸಾಯ್ತಾನರಿ.”

ಜಿನಮತಿಗೆ ಅದು ಪಾರೀಸನದೇ ಮಾತು ಅನ್ನಿಸಿತು. ಅಂದು ಆಕೆ ತನ್ನ ರೀತಿ ಮರೆತಳು. ಆ ಮನೆಯಿಂದ ರಾಜನನ್ನು ದೂರ ಇಡಬೇಕೆಂದು ಮೊದಲ ನಡೆಗೇ ಹಂಚಿಕೆಗೆ ಬಿದ್ದು, ಪ್ಯಾದೆಗಳನ್ನು ಅವಸರದಿಂದ ನೂಕಿದಳು. ನೂಕಿದ ಪ್ಯಾದೆ ಹಿಂದೆ ಬರುವುದಿಲ್ಲ. ಕಾವಲಿಲ್ಲದ ರಾಜ ಓಡಿ ಓಡಿ ಕಡೆಗೆ ಹೊಕ್ಕಿದ್ದು ಅದೇ ಮನೆ.

“ಯಾರು ಕಲಿಸಿದ್ರು ನಿನಗ?”

“ಯಾರೂ ಇಲ್ಲರಿ. ಕಾಯಿ ಹೂಡಿದ ಕೂಡ್ಲೆ ಆ ಮನಿ ಒಂದ ತೊಯ್ದಂಗ ಕಾಣತೈತಿ.”

ಜಿನಮತಿ ಮುಟ್ಟಿ ನೋಡಿದಳು. ಬಟ್ಟೆ ಒಣಗೇ ಇತ್ತು.

ಮಗನಿಗೆ ಹೇಳಿದರೆ, “ಯೋಗಾಯೋಗ ಇರಬೇಕವ್ವ, ಹಂಗ ಕೂಡಿ ಬಂದೈತಿ” ಎಂದು ನಕ್ಕ. ಆಕೆಗೆ ನಗು ಬರಲಿಲ್ಲ. ಅಂಜಿಕೆ ಒಂದು ಕಡೆ, ಮಧ್ಯಾಹ್ನ ಯಾವಾಗ ಆದೀತು ಎಂಬ ಆಸೆ ಇನ್ನೊಂದು ಕಡೆ. ದಿನಾ ಕೂತಳು, ದಿನಾ ಸೋತಳು.

ಶಾಲನ ಬಸುರಾದಳು. ಹೆರಿಗೆಗೆ ಕಾಗಲಕ್ಕೆ ಕರೆದೊಯ್ಯಲು ಅಪ್ಪ ಬರುವ ಮುಂಚಿನ ದಿನ ಪಟವನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ತನ್ನ ಕಡೆಯ ಒಂದು ಮನೆಯ ಮೇಲೆ ಹೆಬ್ಬೆರಳು ಒತ್ತಿದಳು.

“ಇವತ್ತ ನನ್ನ ರಾಜಾರಿ.”

“ಬ್ಯಾಡ, ತಗದಿಡು.”

“ಹೂಡೇನಲ್ಲಾ. ಆಡ್ರಿ.” ಆ ದನಿಯಲ್ಲಿ ಸೊಸೆಯ ಸಂಕೋಚವೇ ಇರಲಿಲ್ಲ.

ಈ ಸಲ ಜಿನಮತಿ ಅವಸರ ಮಾಡಲಿಲ್ಲ. ಪ್ಯಾದೆಗಳು ಎದುರಾಬದುರಾ ಸಿಕ್ಕಿಕೊಂಡು ನಿಲ್ಲುವತನಕ ಏನೂ ಯೋಚಿಸದೆ ಆಡಿದಳು. ಆಮೇಲೆ ಇಡೀ ಪಟ ನೋಡಿದಳು. ತೆರೆದು ಉಳಿದಿದ್ದ ಒಂದೇ ಸಾಲು ನೇರ ಆ ಮನೆಗೆ ಹೋಗುತ್ತಿತ್ತು. ಸಾಲಿನ ಈಚೆ ತುದಿಗೆ ತನ್ನ ಆನೆ. ಹಂಚಿಕೆ ಹಾಕುವ ಹೊತ್ತು ಇದೇ ಎಂದು ಆಕೆಗೆ ತಿಳಿಯಿತು. ಹಾಕಿದಳು, ಆದರೆ ಗೆಲ್ಲುವುದಕ್ಕಲ್ಲ. ಆನೆ ಕೊಟ್ಟು ಆನೆ ತಗೊಂಡಳು, ವಜೀರನನ್ನು ಕೊಟ್ಟು ವಜೀರನನ್ನು.

“ಗೆಲ್ಲೂ ಆಟ ಕೆಡಸಾಕತ್ತೀರಿ ಅತ್ತಿ” ಎಂದು ಶಾಲನ ಹಲ್ಲು ಕಚ್ಚಿದಳು. ಜಿನಮತಿ ಮತ್ತೊಂದು ಕಾಯಿ ಕೊಟ್ಟು ಕಾಯಿ ತಗೊಂಡಳು. ಮಗ್ಗಗಳು ಮತ್ತೆ ಸುರುವಾಗಿ ನೆಲ ನಡುಗುವ ಹೊತ್ತಿಗೆ ಪಟದ ಮೇಲೆ ಇಬ್ಬರು ರಾಜರಷ್ಟೇ ಉಳಿದಿದ್ದರು; ಯಾರ ರಾಜನೂ ಸಾಯಲಿಲ್ಲ. ಪಟ ಮಡಿಸುವಾಗ ಆ ಮನೆಗೆ ಬೆರಳು ತಾಕಿತು. ಬೆರಳು ತೊಯ್ದಿತು.

ಕಾಗಲದಲ್ಲಿ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಕೈಚೆಲ್ಲಿದಳೆಂದು ಸುದ್ದಿ ಬಂದಾಗ ಜಿನಮತಿ ಓಡಿದಳು. ಜ್ವರದಲ್ಲಿ ಬಿದ್ದ ಶಾಲನ ಯಾರನ್ನೂ ಗುರುತಿಸಲಿಲ್ಲ. ಹೆಣ್ಣುಕೂಸು ಬದುಕಿತು, ನಿಧಾನಕ್ಕೆ ತಾಯಿಯೂ ಚೇತರಿಸಿಕೊಂಡಳು.

ಬಾಣಂತನ ಮುಗಿಸಿ ಬಂದ ಮೇಲೆ ಜಿನಮತಿಯೇ ಪಟ ಹಾಸಿದಳು. ಶಾಲನ ಕುದುರೆಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

“ಇದು ಹೆಂಗ ನಡೀತೈತ್ರಿ ಅತ್ತಿ?”

“ಚ್ಯಾಷ್ಟಿ ಮಾಡಬ್ಯಾಡ. ದಿನಾ ಆಡತಿದ್ದಿಲ್ಲಾ?”

“ನಾನೇನ್ರಿ? ನಾ ಯಾವಾಗ ಆಡೇನ್ರಿ?”

ಮುಖದಲ್ಲಿ ಸುಳ್ಳಿರಲಿಲ್ಲ. ಜಿನಮತಿ ಒಳಗೆ ಹೋಗಿ, ಅಣ್ಣ ಇವತ್ತೇ ಸತ್ತನೇನೋ ಎಂಬಂತೆ ಅತ್ತಳು. ಮುಖ ತೊಳೆದು ಬಂದು, ಸೊಸೆಗೆ ಮೊದಲಿನಿಂದ ಕಲಿಸಿದಳು.

ಶಾಲನ ಸಾದಾ ಆಟಗಾರ್ತಿಯಾದಳು. ಸೋತರೆ ನಗುವಳು, ಮಗಳು ಅತ್ತರೆ ಅರ್ಧಕ್ಕೆ ಬಿಟ್ಟು ಏಳುವಳು. ಗೆಲುವು ದಿನಾ ಜಿನಮತಿಯದೇ. ಅದು ಆಕೆಗೆ ಒಮ್ಮೆಯೂ ರುಚಿಸಲಿಲ್ಲ. ಆದರೂ ಕೈಕಾಲು ಗಟ್ಟಿ ಇರುವತನಕ ಆಟ ಬಿಡಲಿಲ್ಲ.