ನಿಂಗತ್ತೆ ತೊಳೆದುಕೊಂಡ ಕೈ

ರಾಮನಗರದ ಹತ್ತಿರದ ಹೋಟೆಲೊಂದರ ಗೋಡೆಗೆ, ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯನ್ನು ಅಲಂಕಾರಕ್ಕೆಂದು ತೂಗುಹಾಕಿದ್ದರು. ನೋಡುತ್ತಲೇ ಮೂಗಿಗೆ ಸತ್ತ ಹುಳದ ನಾತ ಬಡಿಯಿತು.

ನನ್ನ ಚಿಕ್ಕಂದಿನಲ್ಲಿ ಒಮ್ಮೆ ಅಕ್ಕೂರಿನ ನಮ್ಮ ಮನೆಯ ಹುಳಕ್ಕೆ ರೋಗ ಬಿದ್ದಿತ್ತು. ತಮ್ಮ ಹುಳಕ್ಕೂ ಅಂಟೀತೆಂದು ಹುಳ ಸಾಕುವವರು ರೋಗದ ಮನೆಗೆ ಕಾಲಿಡುವುದಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರಿಂದ ಅವ್ವ ಒಬ್ಬಳೇ ಸತ್ತ ಹುಳ ಆಯುತ್ತಿದ್ದಳು. ಪಕ್ಕದ ಮನೆಯ ನಿಂಗತ್ತೆ ಬಂದು ನಿಂತಳು.

"ಬರ್ಬ್ಯಾಡ ಕಣಕ್ಕ, ನಿಮ್ಮನೇಲೂ ಹುಳ ಅವೆ," ಎಂದಳು ಅವ್ವ.

"ನೀನೊಬ್ಳೇ ಎಷ್ಟಂತ ಆಯ್ತೀಯೆ, ಒಸಿ ಸರ್ಕೊ."

ಮೂರು ದಿನ ಇಬ್ಬರೂ ಹುಳ ಆಯ್ದು, ಸುಣ್ಣ ಹಾಕಿ ಹೂತರು. ಹೋಗುವಾಗಲೆಲ್ಲ ನಿಂಗತ್ತೆ ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಆಮೇಲೆ ಅದೇ ಸೀರೆಯಲ್ಲಿ ತನ್ನ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು.

ವಾರದೊಳಗೆ ಅವಳ ಹುಳಗಳೂ ಸಾಯತೊಡಗಿದವು. ಅವ್ವ ಸುಣ್ಣದ ಪುಟ್ಟಿ ಹೊತ್ತು ಓಡಿದಳು. ನಿಂಗತ್ತೆಯ ಗಂಡ ಬಾಗಿಲಿಗೆ ಅಡ್ಡ ನಿಂತ.

"ಸಾಕು ಕಣವ್ವ. ಇನ್ಮೇಲೆ ಯಾರೂ ಯಾರ್ ಮನೇಗೂ ಬರಾದ್ ಬ್ಯಾಡ."

ಒಳಗೆ ಹುಳ ಆಯುತ್ತಿದ್ದ ನಿಂಗತ್ತೆ ತಲೆ ಎತ್ತಲಿಲ್ಲ. ಅವ್ವ ಪುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು ಬಂದಳು. ಮರುದಿನವೂ ಸುಣ್ಣ ಅಲ್ಲೇ ಇತ್ತು. ಆಮೇಲೆ ಆ ಎರಡು ಮನೆಗಳ ನಡುವೆ ಯಾರೂ ಓಡಾಡಲಿಲ್ಲ.

ಇವತ್ತು ಹೋಟೆಲಿನಲ್ಲಿ ಊಟ ಬರುವ ಮೊದಲು ಎದ್ದು ಹೋಗಿ ಕೈ ತೊಳೆದೆ. ಮೊಣಕೈತನಕ ತೊಳೆದರೂ ನಾತ ಹೋಗಲಿಲ್ಲ.