ಲ್ಯಾಮಿನೇಟ್ ಆದ ಕಿಟಕಿ ಹೂ

ನಮ್ಮ ಮನೆಯ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ ಇದೆ. ಕೊಂಡ ದಿನವೇ ತೊಡಿಸಿದ್ದು. ಈಗ ಗುಂಡಿಗಳ ಮೇಲಿನ ಅಂಕಿ ಕಾಣುವುದಿಲ್ಲ, ಆದರೆ ರಿಮೋಟು ಹೊಚ್ಚ ಹೊಸದು. ಮೈಸೂರಿನಿಂದ ಸಿಡ್ನಿಗೆ ನಾನು ಮರೆಯದೆ ಹೊತ್ತುತಂದ ಸಂಸ್ಕೃತಿ ಇದೊಂದೇ ಇರಬೇಕು. ಕೆಲ್ಲಿವಿಲ್‌ನ ನಮ್ಮ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಹೊಸ್ತಿಲ ಮುಂದೆ ರಂಗೋಲಿ ಸ್ಟಿಕ್ಕರ್. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪರಂಪರೆ ಫಳಫಳ ಹೊಳೆಯುತ್ತದೆ.

ಪಕ್ಕದ ಮನೆಯ ಲಿನ್ ಆಂಟಿಗೆ ಈ ನಾಗರಿಕತೆ ತಲುಪಿರಲಿಲ್ಲ. ಮಗನ ಜೊತೆ ಇರಲು ಚೀನಾದಿಂದ ಬಂದವರು. ಅವರ ಹೊಸ ವರ್ಷ ಹತ್ತಿರವಾದರೆ ಕೆಂಪು ಕಾಗದ ಮಡಿಸಿ, ಪೆನ್ಸಿಲಿನ ಒಂದು ಗೆರೆಯನ್ನೂ ಎಳೆಯದೆ ಕತ್ತರಿ ಆಡಿಸುತ್ತಾರೆ. ಬಿಡಿಸಿ ನೋಡಿದರೆ ಮೀನು, ದಾಳಿಂಬೆ, ಗುಂಡು ಮುಖದ ಮಗು, ಎಲ್ಲವೂ ಒಂದೇ ಹಾಳೆಯಲ್ಲಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕಿಟಕಿಗೆ ಅಂಟಿಸುವ ಇದಕ್ಕೆ ಅವರ ಭಾಷೆಯಲ್ಲಿ ಕಿಟಕಿ ಹೂ ಎಂದೇ ಹೆಸರು. ಬೇಡದ್ದನ್ನು ತೆಗೆದು ಹಾಕಿ ಚಿತ್ರ ಮಾಡುವ ಕಲೆ. ತೆಗೆದು ಹಾಕುವುದರಲ್ಲಿ ನಮಗಿರುವ ಪರಿಣತಿ ನಮ್ಮ ಗ್ಯಾರೇಜು ನೋಡಿದವರಿಗೆ ಗೊತ್ತು. ಎರಡು ಕಾರುಗಳೂ ಬೀದಿಯಲ್ಲೇ ನಿಲ್ಲುತ್ತವೆ.

ಹೋದ ವರ್ಷ ಆಂಟಿ ಬೀದಿಗೆಲ್ಲ ಹಂಚುತ್ತ ನಮಗೂ ಒಂದು ಕೊಟ್ಟರು. ಆಗ ಮೆಲ್ಬರ್ನ್‌ನಿಂದ ಭಾವ ಬಂದಿದ್ದರು. ನಿವೃತ್ತ ಡಾಕ್ಟರು, ಹಾಗಾಗಿ ಸಕಲ ವಿಷಯಗಳಲ್ಲೂ ತಜ್ಞರು. ಈ ಕಲೆ ನಮ್ಮಿಂದಲೇ ಚೀನಾಕ್ಕೆ ಹೋದದ್ದೆಂದು ಮೊದಲು ತೀರ್ಪು ಕೊಟ್ಟರು. ಅಕ್ಕನ ಗಂಡನಿಂದ ಪುರಾವೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೆ, "ಇಲ್ಲಿನ ಬಿಸಿಲಿಗೆ ಬಣ್ಣ ಹೋಗ್ಬಿಡತ್ತೆ ಕಣೋ. ಲ್ಯಾಮಿನೇಟ್ ಮಾಡ್ಸು, ಲೈಫ್‌ಲಾಂಗ್ ಇರತ್ತೆ" ಎಂದರು. ಚಾಟ್ಸ್‌ವುಡ್‌ನ ನನ್ನ ಆಫೀಸಿಗೆ ಒಯ್ದು, ಅಲ್ಲಿನ ಯಂತ್ರದಲ್ಲಿ ಅದನ್ನೇ ಮಾಡಿ ತಂದು ಕಿಟಕಿಗೆ ಅಂಟಿಸಿದೆ.

"ಅಪ್ಪಾ, ಇಟ್ ಲುಕ್ಸ್ ಲೈಕ್ ಎ ಮೆನು" ಎಂದಳು ಮಗಳು ಅದಿತಿ. ಮಕ್ಕಳಿಗೆ ಏನು ಗೊತ್ತಾಗುತ್ತದೆ?

ವರ್ಷ ಕಳೆಯುವಷ್ಟರಲ್ಲಿ ಬೀದಿಯ ಬೇರೆಲ್ಲ ಕಿಟಕಿ ಹೂಗಳು ಮಾಸಿ, ಮುದುರಿ, ಅಂಚು ಬಿಟ್ಟವು. ನಮ್ಮದು ಮಾತ್ರ ಕೆಂಪಗೆ ನಿಂತಿತ್ತು. ನಾನು ಬೀಗಿದೆ. ಅವರ ಹೊಸ ವರ್ಷ ಮತ್ತೆ ಬಂತು. ಆಂಟಿಯ ಮಗನಿಗೆ ಮೆಲ್ಬರ್ನ್‌ಗೆ ವರ್ಗವಾಗಿತ್ತು, ಹಾಗಾಗಿ ನಮ್ಮ ಬೀದಿಯಲ್ಲಿ ಅವರಿಗೆ ಇದೇ ಕೊನೆಯದು. ಮನೆ ಮನೆಗೂ ಹೋಗಿ, ಹಳೆಯದನ್ನು ಕೆರೆದು ಹೊಸದನ್ನು ಅಂಟಿಸುತ್ತ ಬಂದರು. ಅದಿತಿ ಬೆಳಿಗ್ಗೆಯಿಂದ ಬಾಗಿಲಲ್ಲೇ ಕಾದಿದ್ದಳು. ಆಂಟಿ ನಮ್ಮ ಕಿಟಕಿಯನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಯುವರ್ಸ್ ಸ್ಟಿಲ್ ನ್ಯೂ! ವೆರಿ ಗುಡ್!" ಎಂದು ಹೆಬ್ಬೆರಳೆತ್ತಿ, ಮುಂದಿನ ಮನೆಗೆ ನಡೆದರು.

ಅದಿತಿ ಊಟ ಬಿಟ್ಟು ಅತ್ತಳು. ನನ್ನ ಕಣ್ಣು ಹೊಸ್ತಿಲ ಮುಂದಿನ ಸ್ಟಿಕ್ಕರಿನ ಮೇಲೆ ಬಿತ್ತು. ನಮ್ಮಜ್ಜಿ ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಯೊಳಗೆ ಎಲ್ಲರ ಕಾಲಡಿ ಹೋಗುತ್ತಿತ್ತು. ಅಜ್ಜಿ ಒಂದು ದಿನವೂ ಬೇಸರಪಟ್ಟವಳಲ್ಲ. ಅಳಿಸಿಹೋಗುತ್ತಿದ್ದುದರಿಂದಲೇ ಮರುದಿನ ಮತ್ತೆ ಬಾಗಿಲಿಗೆ ಬರುತ್ತಿದ್ದಳು. ನಮ್ಮ ಸ್ಟಿಕ್ಕರಿನ ಮುಂದೆ ಯಾರೂ ಬಗ್ಗಿ ಕೂತದ್ದೇ ಇಲ್ಲ.

ಈಸ್ಟರ್ ರಜೆಯಲ್ಲಿ ಮೆಲ್ಬರ್ನ್‌ಗೆ ಹೋದೆವು. ಆಂಟಿಯ ಹೊಸ ಮನೆಗೆ ಭಾವನೇ ಕಾರಿನಲ್ಲಿ ಕರೆದೊಯ್ದರು. ಒಂದು ಕಾಗದದ ಚೂರಿಗೆ ಇಷ್ಟು ಪೆಟ್ರೋಲೇ ಎಂದು ದಾರಿಯುದ್ದಕ್ಕೂ ಗೊಣಗಿದರು. ನನಗೆ ಚೀನೀ ಭಾಷೆ ಬರುವುದಿಲ್ಲ, ಆಂಟಿಯ ಇಂಗ್ಲಿಷು ಹೆಬ್ಬೆರಳಿಗೆ ಮುಗಿಯುತ್ತದೆ. ಫೋನ್ ತೆಗೆದು ನಮ್ಮ ಕಿಟಕಿಯ ಫೋಟೊ ತೋರಿಸಿದೆ. ಹೊರಡುವ ಮುನ್ನ ಲ್ಯಾಮಿನೇಟ್ ಆದದ್ದನ್ನು ಕಿತ್ತು ಹಾಕಿದ್ದೆ; ಬರೀ ಗಾಜು ಕಾಣುತ್ತಿತ್ತು. ಆಂಟಿ ಅದನ್ನೇ ನೋಡಿದರು, ಅದಿತಿಯ ಮುಖ ನೋಡಿದರು, ಜೋರಾಗಿ ನಕ್ಕು ಕತ್ತರಿಗಾಗಿ ಡ್ರಾಯರ್ ಎಳೆದರು.

ಕಾರಿನಲ್ಲಿ ವಾಪಸ್ ಬರುವಾಗ ಭಾವ ಅದಿತಿಯ ಕೈಲಿದ್ದ ಹೊಸ ಕಿಟಕಿ ಹೂವಿನ ಮೇಲೆ ಕಣ್ಣಾಡಿಸಿ, "ಇಲ್ಲೇ ಪಕ್ಕದಲ್ಲಿ ಒಂದು ಅಂಗಡಿ ಇದೆ ಕಣೋ, ಗಾಜಿನ ಫ್ರೇಮ್ ಹಾಕಿಸ್ಬಿಡು" ಎಂದರು.

ನನ್ನ ಪಕ್ಕದಲ್ಲಿ ಕೂತಿದ್ದ ಅದಿತಿ ಕಾರಿನ ಗಾಜು ಇಳಿಸಿ, ಆ ಹೂವನ್ನು ಬಿಸಿಲಿಗೆ ಹಿಡಿದಳು.